ಗೋಧಿ ಕಾಣದ ಬೀಸುವ ಕಲ್ಲು

ಪತ್ರ ಬಂದದ್ದು ನನ್ನ ಹೆಸರಿಗಲ್ಲ, ನನ್ನ ಮಗಳು ಸರೋಜಳ ಹೆಸರಿಗೆ. ಕುರುಗೋಡಿನಿಂದ, ಒಂದು ಕಾಲಕ್ಕೆ ನಮ್ಮ ಪಕ್ಕದ ಮನೆಯಲ್ಲಿದ್ದಾಕೆಯ ಮಗ ಬರೆದಿದ್ದ. ಅವ್ವ ತೀರಿಕೊಂಡು ಹದಿನೈದು ದಿನವಾಯಿತು, ಹೋಗುವ ಮುಂಚೆ ಬೀಸುವ ಕಲ್ಲನ್ನು ಸರೂಗೆ ಮುಟ್ಟಿಸಬೇಕು ಎಂದು ಎರಡು ಸಲ ಹೇಳಿದ್ದಳು, ಬಂದು ಒಯ್ಯಬೇಕು ಎಂದಿತ್ತು. ಕೊನೆಯಲ್ಲಿ ‘ನಿಮ್ಮ ತಾಯಿಯವರಿಗೂ ವಿಷಯ ತಿಳಿಸುವುದು’ ಎಂದು ಒಂದು ಸಾಲು. ಸಿರುಗುಪ್ಪದಲ್ಲಿ ಹನ್ನೊಂದು ವರ್ಷ ಅವರ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಬಾಳಿದವಳು ನಾನು. ನನ್ನ ಪಾಲಿಗೆ ಬಂದದ್ದು ಆ ಒಂದು ಸಾಲು. ಓದಿದಾಗ ದುಃಖವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ದುಃಖಕ್ಕಿಂತ ಒಂದು ಗಳಿಗೆ ಮುಂಚೆ ಹೊಟ್ಟೆಕಿಚ್ಚು ಬಂತು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ಲೋಕದಲ್ಲಿ ನಾನೊಬ್ಬಳೇ ಇರಬಹುದು.

ಅವರ ಗಂಡ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರು. ನಮ್ಮವರು ಹೈಸ್ಕೂಲು ಮಾಸ್ತರು. ಆಕೆ ಕುರುಗೋಡಿನ ಮಗಳು, ನಾನು ಬಳ್ಳಾರಿಯವಳು. ಬಳ್ಳಾರಿಯವಳು ಎಂಬ ಹಮ್ಮು ನನಗೆ ಆಗ ಸ್ವಲ್ಪ ಜಾಸ್ತಿಯೇ ಇತ್ತು. ಪಕ್ಕದ ಮನೆಯಾಕೆ ಕುಳ್ಳಗೆ, ದುಂಡಗೆ, ಸೆರಗನ್ನು ಸೊಂಟಕ್ಕೆ ಸುತ್ತಿ ಬಿಗಿದುಕೊಂಡು, ಮೊಳಕೈವರೆಗೆ ಹಿಟ್ಟು ಹತ್ತಿಸಿಕೊಂಡೇ ಬಾಗಿಲಿಗೆ ಬರುತ್ತಿದ್ದರು. ಏನು ಕೊಟ್ಟರೂ ಬಾಯಿಗಿಡುವ ಮುಂಚೆ ಮೂಸಿ ನೋಡುವ ಅಭ್ಯಾಸ. ಸಂಕ್ರಾಂತಿಯ ಎಳ್ಳು-ಬೆಲ್ಲವನ್ನೂ ಮೂಸಿದರು. ನಾನು ಮೊದಲ ಸಲ ಕೊಟ್ಟ ಸಾರಿನ ಬಟ್ಟಲನ್ನು ಮೂಸಿ, “ಇಂಗು ಭಾಳ ಐತಿ ತಂಗಿ. ನಮ್ಮ ಮನ್ಯಾಗ ಯಾರಿಗೂ ಇದರ ವಾಸ್ನಿ ಆಗಂಗಿಲ್ಲ,” ಎಂದು ನಗುತ್ತಲೇ ವಾಪಸು ಕೊಟ್ಟಿದ್ದರು. ನಮ್ಮ ತವರುಮನೆಯ ಇಂಗಿನ ಒಗ್ಗರಣೆ ಎಂದರೆ ಬೀದಿಗೇ ಗೊತ್ತು. ಅದನ್ನು ನಾನು ಮರೆಯಲಿಲ್ಲ.

ಸರೂ ಹುಟ್ಟಿ ಮೂರನೇ ವರ್ಷದಿಂದಲೇ ಅವಳ ಹೊಟ್ಟೆ ಸರಿಯಿರಲಿಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬು, ದಿನಕ್ಕೆ ನಾಲ್ಕೈದು ಸಲ ಭೇದಿ. ಆಗ ರೇಷನ್ನಿನಲ್ಲಿ ಗೋಧಿ ಬರಲು ಶುರುವಾಗಿತ್ತು. ಜೋಳದ ರೊಟ್ಟಿ ತಿನ್ನುವ ನಮ್ಮ ಕಡೆಯವರಿಗೆ ಗೋಧಿ ಎಂದರೆ ಶ್ರೀಮಂತರ ಊಟ, ಶಕ್ತಿ ಬರುವ ಊಟ. ಮಗು ಸೊರಗಿದಷ್ಟೂ ನಾನು ಗೋಧಿ ಗಂಜಿ ಕುಡಿಸಿದೆ, ಚಪಾತಿಗೆ ತುಪ್ಪ ಸವರಿ ತಿನ್ನಿಸಿದೆ. ಅವಳು ಇನ್ನಷ್ಟು ಸೊರಗಿದಳು. ಕೊನೆಗೆ ಬಳ್ಳಾರಿಯ ಡಾಕ್ಟರೊಬ್ಬರು ಎಲ್ಲವನ್ನೂ ಕೇಳಿಕೊಂಡು ಹೇಳಿದರು: “ಅಕ್ಕಿ, ಜೋಳ, ನವಣಿ ಏನ್ ಬೇಕಾದ್ರೂ ಕೊಡ್ರಿ. ಗೋಧಿ ಅಂಬೋದು ಒಂದು ಚಿಟಿಕಿ ಸೈತ ಈ ಹುಡುಗಿ ಬಾಯಿಗೆ ಹೋಗಬಾರದು. ಜಲ್ಮ ಇರೋತನಕ.” ಕೆಲವು ತಿಂಗಳು ಖಾರ-ಮಸಾಲೆಯೂ ಬೇಡ ಎಂದರು. ನಾನು ಮೆತ್ತನ್ನ, ಮಜ್ಜಿಗೆ, ನುಚ್ಚಿನ ಗಂಜಿ ಇಷ್ಟರಲ್ಲೇ ಅವಳನ್ನು ಇಟ್ಟೆ. ಭೇದಿ ನಿಂತಿತು. ಆದರೆ ಆರು ವರ್ಷದ ಮಗು ತಟ್ಟೆ ನೋಡಿದರೆ ಮುಖ ತಿರುಗಿಸತೊಡಗಿತು.

ನಮ್ಮವರಿಗೆ ಶನಿವಾರ ಅರ್ಧ ದಿನದ ಶಾಲೆ. ಬರುವಾಗ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಿಂದ ಪೂರಿ-ಪಲ್ಯ, ಕೇಸರಿಬಾತು ಕಟ್ಟಿಸಿಕೊಂಡು ಬರುವುದು ನಮ್ಮ ಮನೆಯ ಪದ್ಧತಿ. ಮುತ್ತುಗದ ಎಲೆ, ಅದರ ಮೇಲೆ ಪೇಪರು, ಮೇಲೆ ದಾರ. ಡಾಕ್ಟರು ಹೇಳಿದ ಮೇಲೆ ಅದನ್ನು ನಿಲ್ಲಿಸಿದೆವು. ಸರೂ ನಿಲ್ಲಿಸಲಿಲ್ಲ. ಶನಿವಾರ ಬಂದರೆ ಹೋಟೆಲಿನ ಮುಂದೆ ಹೋಗಿ, ಬಾಣಲೆಯಲ್ಲಿ ಪೂರಿ ಉಬ್ಬುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ಇದು ನನಗೆ ಗೊತ್ತೇ ಇರಲಿಲ್ಲ. ಪಕ್ಕದ ಮನೆಯಾಕೆಗೆ ಗೊತ್ತಾಯಿತು. ಒಂದು ಶನಿವಾರ ಅವಳ ಕೈ ಹಿಡಿದುಕೊಂಡು ಬಂದರು. ಇನ್ನೊಂದು ಕೈಯಲ್ಲಿ ಹೋಟೆಲಿನ ಪೊಟ್ಟಣ.

ನಾನು ಗಾಬರಿಯಾಗಿ ಓಡಿದೆ. “ಅಕ್ಕಾರ, ಆಕಿಗೆ ಅದು ಆಗಂಗಿಲ್ರಿ!”

“ತಿನ್ನಾಕ ತಂದಿಲ್ಲ ತಂಗಿ. ನೋಡಾಕ ತಂದೀನಿ,” ಎಂದರು.

ನಿಜವಾಗಿಯೂ ನೋಡಿದರು. ಪೂರಿಯನ್ನು ಹರಿದು ಮೇಲಿನ ಪದರ, ಕೆಳಗಿನ ಪದರ ಬೇರೆ ಮಾಡಿದರು. ಬೆರಳಿನಲ್ಲಿ ಒತ್ತಿ ಎಣ್ಣೆ ಎಷ್ಟು ಬರುತ್ತದೆ ಎಂದು ನೋಡಿದರು. ಮೂಸಿದರು. “ಇದು ಮೊನ್ನಿ ಎಣ್ಣಿ. ಇವತ್ತಿಂದಲ್ಲ,” ಎಂದು ಮೂಗು ಮುರಿದರು. ಆಮೇಲೆ ಆ ಪೂರಿಯನ್ನು ತಮ್ಮ ಹಿತ್ತಲಿನ ಎಮ್ಮೆಗೆ ಹಾಕಿ, ಕೈ ತೊಳೆದುಕೊಂಡು ಬಂದು ಸರೂಗೆ ಹೇಳಿದರು: “ನಾಕು ದಿನ ತಡಿ. ನಿನಗ ನಾ ಮಾಡಿ ಕೊಡ್ತೀನಿ.”

ಆ ನಾಲ್ಕು ದಿನ ಗೋಡೆಯ ಆಚೆಯಿಂದ ನನಗೆ ಬೀಸುವ ಸದ್ದು ಕೇಳುತ್ತಿತ್ತು. ಹಿಟ್ಟಿನ ಗಿರಣಿಯಲ್ಲಿ ಎಲ್ಲರ ಗೋಧಿಯೂ ಬೀಳುವ ಕಲ್ಲಿಗೆ ಅಕ್ಕಿ ಹಾಕಿದರೆ ಏನು ಬಂತು ಎಂದು ಅವರೇ ಯೋಚಿಸಿದ್ದರು. ನನಗೆ ಹೊಳೆದಿರಲಿಲ್ಲ. ಕುರುಗೋಡಿನ ತವರಿನಿಂದ ಬಂದ ಬೀಸುವ ಕಲ್ಲು ಅವರ ಹಿತ್ತಲಲ್ಲಿ ಮೂಲೆಗೆ ಬಿದ್ದಿತ್ತು. ಅದನ್ನು ತೊಳೆದು, ಬಿಸಿಲಿಗಿಟ್ಟು, ಗೂಟಕ್ಕೆ ಒಂದು ಅರಿಶಿನದ ದಾರ ಕಟ್ಟಿ, ಮನೆಮಂದಿಗೆಲ್ಲ ಹೇಳಿಬಿಟ್ಟರು: “ಇದು ಸರೂನ ಕಲ್ಲು. ಇದಕ್ಕ ಗೋಧಿ ತೋರಿಸಿದ್ರ ನೋಡ್ರಿ ಮತ್ತ.” ನನ್ನ ಮಗಳಿಗೆ ನನ್ನ ಮನೆಯಲ್ಲಿ ಒಂದು ತಟ್ಟೆ ಬೇರೆ ಇತ್ತು. ಅವರ ಮನೆಯಲ್ಲಿ ಒಂದು ಕಲ್ಲೇ ಬೇರೆ ಇತ್ತು.

ಮೊದಲ ದಿನದ ಪೂರಿ ಹಪ್ಪಳವಾಯಿತಂತೆ. ಎರಡನೇ, ಮೂರನೇ ದಿನದ್ದು ಎಣ್ಣೆ ಕುಡಿದು ಮಲಗಿತಂತೆ. ನಾಲ್ಕನೇ ದಿನ ಅಕ್ಕಿ ಹಿಟ್ಟನ್ನು ಕುದಿಯುವ ಎಸರಿಗೆ ಹಾಕಿ ಮಗುಚಿ, ಬೇಯಿಸಿದ ಆಲೂಗಡ್ಡೆ ಸೇರಿಸಿ, ರೊಟ್ಟಿಯ ಹಿಟ್ಟಿಗಿಂತ ಹೆಚ್ಚು ನಾದಿ, ಬಾಳೆ ಎಲೆಯ ಮೇಲೆ ತಟ್ಟಿ ಹೊಸ ಶೇಂಗಾ ಎಣ್ಣೆಯಲ್ಲಿ ಬಿಟ್ಟರು. ನಾನು ಈಚೆ ಕೂತು ಮೆತ್ತನ್ನ ಕಲಸುತ್ತಿದ್ದೆ. ಆಚೆಯಿಂದ ನನ್ನ ಮಗಳು ಕೂಗಿದ್ದು ಕೇಳಿಸಿತು: “ಉಬ್ಬಿತು! ದೊಡ್ಡವ್ವಾ, ಉಬ್ಬಿತು!”

ಅಷ್ಟು ದೊಡ್ಡ ದನಿ ಅವಳಿಗಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ದೊಡ್ಡವ್ವ ಎಂದು ಕರೆಯಲು ಯಾರು ಹೇಳಿಕೊಟ್ಟರೋ ಅದೂ ಗೊತ್ತಿಲ್ಲ.

ತಿಂದವರನ್ನು ‘ಹೆಂಗೈತಿ?’ ಎಂದು ಅವರು ಕೇಳಿದ್ದನ್ನು ನಾನು ಕಂಡಿಲ್ಲ. ಹೊಗಳಿಕೆ ಬಂದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಸರೂ ಮುಖ ತೊಳೆಯುವುದರೊಳಗೆ ಹಿತ್ತಲ ಗೋಡೆಯ ಮೇಲಿಂದ ಅವರ ತಲೆ ಕಾಣಿಸುತ್ತಿತ್ತು. “ಹೊಟ್ಟಿ ಏನಂತು?” ಅದೊಂದೇ ಪ್ರಶ್ನೆ. ಸರೂ ಗಂಭೀರವಾಗಿ ಹೊಟ್ಟೆ ಮುಟ್ಟಿ ನೋಡಿಕೊಂಡು, “ಚೊಲೊ ಐತಿ ಅಂತು,” ಎನ್ನುತ್ತಿದ್ದಳು. ಆಮೇಲೆಯೇ ಆ ತಿನಿಸು ಅವರ ಲೆಕ್ಕದಲ್ಲಿ ಪಾಸು. ಹೆತ್ತವಳು ನಾನು ಪಕ್ಕದಲ್ಲೇ ಹಲ್ಲುಪುಡಿ ಹಿಡಿದು ನಿಂತಿರುತ್ತಿದ್ದೆ. ನಾನು ಆ ಪ್ರಶ್ನೆ ಯಾಕೆ ಕೇಳಲಿಲ್ಲ ಎಂದರೆ, ಅದು ಅವರದಾಗಿಬಿಟ್ಟಿತ್ತು.

ಒಂದೊಂದಾಗಿ ಇಡೀ ಹೋಟೆಲೇ ಅವರ ಒಲೆಯ ಮುಂದೆ ಬಂದು ಕೂತಿತು. ಗಂಡನ ಅಕ್ಕಿ ಗಿರಣಿಯಿಂದ ಬಂದ ನುಚ್ಚಕ್ಕಿಯ ಉಪ್ಪಿಟ್ಟು. ನವಣೆ ನುಚ್ಚು ಹುರಿದು ಬೆಲ್ಲ ಹಾಕಿದ ಕೇಸರಿಬಾತು. ಜೋಳದ ಹಿಟ್ಟಿನ ಸಮೋಸ, ಮೂಲೆ ಒಡೆಯುತ್ತಿತ್ತು, ಒಡೆದ ಮೂಲೆಯೇ ರುಚಿ ಎಂದು ಸರೂ ಜಗಳವಾಡುತ್ತಿದ್ದಳು. ಬೇಕರಿಯ ಬನ್ನು ಮಾತ್ರ ಅವರಿಗೆ ಒಲಿಯಲಿಲ್ಲ. ಏಳೆಂಟು ಸಲ ಮಾಡಿದರು, ಪ್ರತಿ ಸಲವೂ ಇಟ್ಟಿಗೆ. ಕೊನೆಗೆ ಹೊಸ್ತಿಲ ಮೇಲೆ ಕೂತು, “ಇದು ನನ್ನ ಕೈಲೆ ಆಗಂಗಿಲ್ಲ ತಂಗಿ,” ಎಂದು ಒಪ್ಪಿಕೊಂಡರು. ಆ ಸಂಜೆ ನಾನು ಸುಮ್ಮಸುಮ್ಮನೆ ಹಾಡು ಗುನುಗುತ್ತ ದೀಪ ಹಚ್ಚಿದೆ. ಸರೂ ಮಾತ್ರ ಆ ಇಟ್ಟಿಗೆಯನ್ನು ಹಾಲಿನಲ್ಲಿ ಅದ್ದಿ ಪೂರ್ತಿ ತಿಂದು, “ಭಾಳ ಚೊಲೊ ಆಗೈತಿ,” ಎಂದಳು.

ಆರು ತಿಂಗಳಲ್ಲಿ ನನ್ನ ಮಗಳ ಕೆನ್ನೆ ತುಂಬಿತು. ಕಂಡವರೆಲ್ಲ, “ಬಾಜು ಮನಿ ಅಕ್ಕಾರು ಹುಡುಗೀನ ಬದುಕಿಸಿದ್ರು ಬಿಡ್ರಿ,” ಎನ್ನುವವರೇ. ನಮ್ಮವರಂತೂ ಒಂದು ದಿನ ಊಟದ ಮುಂದೆ ಕೂತು, “ನೀನೂ ಒಂದಿಷ್ಟು ಅವರ ಹತ್ರ ಕಲೀಬಾರದೇನು?” ಎಂದರು. ನಾನು ಸೌಟನ್ನು ಪಾತ್ರೆಯೊಳಗೆ ಬಿಟ್ಟು ಎದ್ದುಹೋದೆ. ನನ್ನ ಮಗು ಚೆನ್ನಾಗಾದದ್ದಕ್ಕೆ ಸಂತೋಷವಿರಲಿಲ್ಲವೇ? ಇತ್ತು. ಆದರೆ ಅದು ನನ್ನ ಕೈಯಿಂದ ಆಗಬೇಕಿತ್ತು. ಕಾಯಿ, ಕುಪ್ಪಸದ ಖಣ ಇಟ್ಟು ಅವರಿಗೆ ಉಡಿ ತುಂಬಿದೆ. ಅವರು ಖಣವನ್ನೂ ಮೂಸಿ ಇಟ್ಟುಕೊಂಡರು. ಅದರಿಂದ ನನ್ನ ಸಂಕಟವೇನೂ ಇಳಿಯಲಿಲ್ಲ.

ಮರ್ಯಾದೆ ಬಿಟ್ಟು ಕಲಿಯಲು ಹೋದೆ. ಅವರು ಏನನ್ನೂ ಮುಚ್ಚಿಡಲಿಲ್ಲ. ಎಸರು ಎಷ್ಟು, ಹಿಟ್ಟು ಎಷ್ಟು, ಆಲೂಗಡ್ಡೆ ಯಾವಾಗ, ಎಲ್ಲ ಹೇಳಿದರು. ಎರಡು ಸಲ ಪಕ್ಕದಲ್ಲಿ ಕೂಡಿಸಿಕೊಂಡು ಮಾಡಿಸಿದರು. ನಾನು ನಂಬಲಿಲ್ಲ. ಯಾಕೆಂದರೆ ನಮ್ಮ ತವರಿನಲ್ಲಿ ಅಡುಗೆ ಹೇಳಿಕೊಡುವ ರೀತಿಯೇ ಬೇರೆ. ನಮ್ಮವ್ವ ಸೊಸೆಯಂದಿರಿಗೆ ಸಾರಿನ ಪುಡಿ ಹೇಳಿಕೊಟ್ಟದ್ದು ನನಗೆ ನೆನಪಿದೆ. ಎಲ್ಲ ಹೇಳಿ ಒಂದನ್ನು ನುಂಗಿಕೊಂಡಿದ್ದಳು. ಆಮೇಲೆ ನನ್ನೊಬ್ಬಳ ಕಿವಿಯಲ್ಲಿ ಹೇಳಿದಳು. ಎಲ್ಲ ಹೆಂಗಸರೂ ಹೀಗೇ ಎಂದು ತಿಳಿದು ಬೆಳೆದವಳು ನಾನು. ಮನೆಗೆ ಬಂದು ಅವರು ಹೇಳಿದಂತೆಯೇ ಪಲ್ಯ ಮಾಡಿ ನಾಲಿಗೆಗೆ ಹಚ್ಚಿಕೊಂಡೆ. ಏನೋ ಕಡಿಮೆ. ಸಿಕ್ಕಿತು ಅಂದುಕೊಂಡೆ. ಇಂಗು! ಹೋಟೆಲಿನ ಪಲ್ಯದಲ್ಲಿ ಇಂಗು ಇದ್ದೇ ಇರುತ್ತದೆ. ವಾಸನೆ ಆಗದು ಎಂಬ ನೆಪ ಹೇಳಿ ನನ್ನಿಂದ ಮುಚ್ಚಿಟ್ಟಿದ್ದಾರೆ.

ತವರಿನಿಂದ ಬಂದ ಇಂಗಿನ ಡಬ್ಬಿ ಇಳಿಸಿದೆ. ಪಲ್ಯಕ್ಕೆ ಧಾರಾಳವಾಗಿ ಹಾಕಿದೆ. ಪೂರಿಯ ಹಿಟ್ಟಿಗೂ, ನುಚ್ಚಿನ ಉಪ್ಪಿಟ್ಟಿಗೂ ಹಾಕಿದೆ. ಸರೂ ಎರಡು ಸಲ ಕೇಳಿ ಹಾಕಿಸಿಕೊಂಡಳು. “ದೊಡ್ಡವ್ವಂದಕ್ಕಿಂತ ಗಮಗಮ ಅಂತೈತಿ ಅವ್ವಾ,” ಎಂದಳು. ಅವಳು ಅಂದ ಆ ಮಾತು ನನಗೆ ಚಿನ್ನದ ಸರ ಹಾಕಿದಷ್ಟಾಯಿತು. ಇನ್ನು ಆಚೆ ಮನೆಗೆ ಊಟಕ್ಕೆ ಹೋಗುವುದು ಬೇಡ ಎಂದುಬಿಟ್ಟೆ. ಮೂರು ವಾರ ನನ್ನ ಒಲೆಯೇ ಒಲೆ.

ಮೂರನೇ ವಾರ ಮುಗಿಯುವುದರೊಳಗೆ ಭೇದಿ ತಿರುಗಿ ಬಂತು. ಕೆನ್ನೆ ಇಳಿಯಿತು. ಮಗು ಗೋಡೆ ಹಿಡಿದು ನಡೆಯುವಂತಾಯಿತು. ನನ್ನ ಕೈ ಅಡುಗೆಯ ಮೇಲೆ ಅನುಮಾನ ಪಡುವ ಬುದ್ಧಿ ನನಗೆ ಬರಲೇ ಇಲ್ಲ. ಓಣಿಯ ನಳದ ಹತ್ತಿರ, ನಾಲ್ಕು ಹೆಂಗಸರ ಮುಂದೆ, ಕೊಡ ಕೆಳಗಿಟ್ಟು ಅವರನ್ನು ಕೇಳಿಯೇ ಬಿಟ್ಟೆ: “ನಾ ಇಲ್ಲದಾಗ ಕರ್ಕೊಂಡು ಹೋಗಿ ನನ್ನ ಮಗಳಿಗೆ ಏನ್ ತಿನ್ನಿಸಿದ್ರಿ ಅಕ್ಕಾರ?”

ಅವರು ತಮ್ಮ ಕೊಡವನ್ನು ನಳದ ಕೆಳಗೇ ಬಿಟ್ಟು ನೇರ ನಮ್ಮ ಮನೆಗೆ ನಡೆದರು. ನಾನು ಹಿಂದೆ ಓಡಿದೆ. ಮಲಗಿದ್ದ ಸರೂಳ ಹಣೆ ಮುಟ್ಟಿ, ಅಡುಗೆಮನೆಗೆ ಹೋಗಿ ನನ್ನ ಡಬ್ಬಿಗಳನ್ನೆಲ್ಲ ಒಂದೊಂದಾಗಿ ತೆರೆದು ಮೂಸಿದರು. ಇಂಗಿನ ಡಬ್ಬಿ ಬಂದಾಗ ಮುಖ ಹಿಂದೆಳೆದರು. ಆದರೂ ಚೂರು ಪುಡಿಯನ್ನು ಅಂಗೈಯಲ್ಲಿ ಹಾಕಿಕೊಂಡು, ಎರಡು ಹನಿ ನೀರು ಬಿಟ್ಟು, ಹೆಬ್ಬೆರಳು ತೋರುಬೆರಳ ನಡುವೆ ಹೊಸೆಯುತ್ತ ಹೋದರು. ಬೆರಳು ಬಿಡಿಸಿದಾಗ ನಡುವೆ ಸಣ್ಣದಾಗಿ ಎಳೆ ಬಂತು.

“ಇದ್ರಾಗ ಗೋಧಿ ಹಿಟ್ಟು ಐತಿ ತಂಗಿ,” ಎಂದರು. “ಅಕ್ಕಿ ಹಿಟ್ಟು, ಜೋಳದ ಹಿಟ್ಟು ಹಿಂಗ ಎಳಿ ಬರಂಗಿಲ್ಲ. ಈ ಎಳಿ ಬರ್ಲಿ ಅಂತನ ನಾ ಆರು ತಿಂಗಳಿಂದ ಗುದ್ದಾಡಾಕಹತ್ತೀನಿ. ನನ್ನ ಬೆರಳಿಗೆ ಗೊತ್ತಾಗ್ತೈತಿ.”

ಅವರ ಬೆರಳು ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತಲೇ ಮರುದಿನ ಬಳ್ಳಾರಿಗೆ ಹೋದೆ. ಸರೂಳನ್ನು ಡಾಕ್ಟರಿಗೆ ತೋರಿಸಿ, ನಮ್ಮ ತವರಿನವರು ಇಂಗು ತರುವ ಕಿರಾಣಿ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯ ಮುದುಕ ನಕ್ಕುಬಿಟ್ಟ. “ಬರೇ ಇಂಗು ತಿಂದ್ರ ಬಾಯಿ ಸುಟ್ಟು ಹೋಗ್ತೈತಮ್ಮ! ಗೋಧಿ ಹಿಟ್ಟು, ಗೋಂದು ಕಲಸೇ ಮಾರ್ತಾರ. ಇದು ಊರಿಗೆಲ್ಲ ಗೊತ್ತಿದ್ದದ್ದ ಐತಿ.” ನನಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಸಿರುಗುಪ್ಪದವರೆಗೆ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅವಳ ಮುಖ ನೋಡುವ ಧೈರ್ಯವಿಲ್ಲದೆ ಕೂತಿದ್ದೆ.

ಎರಡು ದಿನದ ಮೇಲೆ ನಳಕ್ಕೆ ಹೋಗಲೇಬೇಕಾಯಿತು. ಸರೂ ನನ್ನ ಸೆರಗು ಹಿಡಿದು ಬಂದಿದ್ದಳು. ಅದೇ ಹೆಂಗಸರು ಅಲ್ಲಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ಪಕ್ಕದ ಮನೆಯಾಕೆ ಎಲ್ಲರಿಗೂ ಕೇಳಿಸುವಂತೆ ಹೇಳಿದರು: “ತಪ್ಪು ನಂದ ಐತಿ. ನಾ ಇವರ ಮನಿಗೆ ಕಳಿಸಿದ ಪಲ್ಯಕ್ಕ ಇಂಗು ಹಾಕಿದ್ದೆ. ಇಂಗಿನ್ಯಾಗ ಗೋಧಿ ಹಿಟ್ಟು ಇರ್ತೈತಂತ. ಸರೂ, ಇನ್ನ ಮ್ಯಾಲ ಇಂಗು ಎಲ್ಲೇ ಕೊಟ್ರೂ ತಿನಬ್ಯಾಡ ಮಗಳ.”

ಒಬ್ಬಾಕೆ ಹುಬ್ಬು ಏರಿಸಿದಳು. “ಅಲ್ಲ, ನೀವು ಇಂಗು ಹಾಕಾವ್ರ ಅಲ್ಲಲ್ರಿ?”

“ಈ ಸಲ ಹಾಕಿದ್ದೆ ಬಿಡ,” ಎಂದು ಕೊಡ ಎತ್ತಿಕೊಂಡರು.

ಸರೂ ಬೆರಗಾಗಿ ಅವರನ್ನು ನೋಡಿದಳು. ನನ್ನ ಕೊಡ ತುಂಬಿ ಹರಿಯುತ್ತಿತ್ತು. ಅಲ್ಲ, ಹಾಕಿದವಳು ನಾನು ಎಂದು ಒಂದು ಮಾತು ಆಡಬೇಕಿತ್ತು. ಆಡಲಿಲ್ಲ.

ಸಂಜೆ ಹಿತ್ತಲಲ್ಲಿ ಸಿಕ್ಕಾಗ ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದೆ. ಕೇಳಿದ ರೀತಿ ಜಗಳದ್ದೇ. ಅವರು ಬೀಸುತ್ತಲೇ ಇದ್ದರು. “ಆಕಿ ನಾಳಿ ನಿನ್ನ ಕೈಯಾಗಿಂದು ಉಣ್ಣಾಕಿ ತಂಗಿ. ತಾಯಿ ಕೊಟ್ಟ ತುತ್ತಿಗೆ ಹುಡುಗಿ ಹೆದರಬಾರದು. ನನ್ನ ಮ್ಯಾಲ ಸಿಟ್ಟಾದ್ರ ಆಗ್ಲಿ. ನಾ ಬಾಜು ಮನ್ಯಾಕಿ, ಏನ್ ಹೋಗೂದೈತಿ?”

ನಾನು ಅವರ ಕಾಲಿಗೆ ಬಿದ್ದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಬೀಳಲಿಲ್ಲ. ಅಡುಗೆಯಲ್ಲಿ ಗೆದ್ದದ್ದು ಸಾಲದೆ ಇದರಲ್ಲೂ ಗೆದ್ದರಲ್ಲ ಎಂದು ಇನ್ನಷ್ಟು ಉರಿಯಿತು. ಮುಂದೆ ಅವರ ಯಜಮಾನರು ಕೆಲಸ ಬಿಟ್ಟು ಕುರುಗೋಡಿಗೆ ಹೊರಟಾಗ ಸರೂ ಎರಡು ದಿನ ಉಣ್ಣಲಿಲ್ಲ. ನಾನು ಎರಡೂ ದಿನ ಹೊಟ್ಟೆ ತುಂಬ ಉಂಡೆ. ಆದರೆ ಅವಳು ಪ್ರತಿ ರಜೆಗೂ ಹಟ ಮಾಡಿ ಕುರುಗೋಡಿಗೆ ಹೋಗುತ್ತಿದ್ದಳು, ಪ್ರತಿ ಸಲವೂ ಏನಾದರೊಂದು ಹೊಸ ತಿನಿಸು ಕಲಿತು ಬರುತ್ತಿದ್ದಳು.

ಪತ್ರ ಬಂದ ಮರುದಿನ ನಾವಿಬ್ಬರೂ ಕುರುಗೋಡಿಗೆ ಹೋದೆವು. ಈಗ ಸರೂಳನ್ನು ಬಳ್ಳಾರಿಗೇ ಕೊಟ್ಟಿದೆ, ನಾವೂ ಅಲ್ಲೇ ಇದ್ದೇವೆ. ಕಲ್ಲಿನ ಗೂಟಕ್ಕೆ ಅರಿಶಿನದ ದಾರ ಇನ್ನೂ ಇತ್ತು. ಹಳೆಯದಲ್ಲ, ಹೊಸದು. ವರ್ಷ ವರ್ಷ ಬದಲಿಸುತ್ತಿದ್ದರಂತೆ. ಎರಡೂ ಹೋಳನ್ನು ಗೋಣಿಚೀಲದಲ್ಲಿ ಕಟ್ಟಿ ಬಸ್ಸಿಗೆ ಹಾಕಿದಾಗ ಕಂಡಕ್ಟರು, “ಏನ್ರಮ್ಮ, ಕುರುಗೋಡು ಗುಡ್ಡಾನ ಕಿತ್ಕೊಂಡು ಹೊಂಟೀರೇನು?” ಎಂದ. ಸರೂ ನಕ್ಕಳು, ಆಮೇಲೆ ಅತ್ತಳು. ಕಣ್ಣು ಒರೆಸಿಕೊಳ್ಳುತ್ತ, “ದೊಡ್ಡವ್ವ ಜಲ್ಮದಾಗ ಒಂದ ಸಲ ಇಂಗು ಹಾಕಿದ್ಲು. ಅದೂ ನನ್ನ ಪಲ್ಯಕ್ಕ. ಪಾಪ, ಎಷ್ಟು ನೊಂದ್ಕೊಂಡಿದ್ಲೋ,” ಎಂದಳು.

ಬಾಯಿ ಮುಚ್ಚಿಕೊಂಡಿದ್ದರೆ ಇನ್ನು ಯಾರೂ ಹೇಳುವವರಿರಲಿಲ್ಲ. ಸತ್ತವಳ ಮೇಲೆ ಆ ತಪ್ಪು ಹಾಗೇ ಉಳಿದುಬಿಡುತ್ತಿತ್ತು. ಅವರಿಗಿಂತ ನಾನು ಒಂದು ಕೈ ಮೇಲು ಎಂದು ನನ್ನ ಮಗಳ ಮನಸ್ಸಿನಲ್ಲಿದ್ದ ಒಂದೇ ಒಂದು ವಿಷಯ ಅದು.

“ಅವರು ಹಾಕಿಲ್ಲ ಸರೂ,” ಎಂದೆ. “ನಾ ಹಾಕಿದ್ದು. ಮೂರು ವಾರ ಹಾಕಿದ್ದೆ. ಅವರಿಗಿಂತ ರುಚಿ ಮಾಡಬೇಕು ಅಂತ.”

ಎಲ್ಲ ಹೇಳಿದೆ, ನಳದ ಹತ್ತಿರದ ಮಾತನ್ನೂ. ಅವಳು ಗೋಣಿಚೀಲದ ಮೇಲೆ ಕೈಯಿಟ್ಟು ಬಳ್ಳಾರಿ ಬರುವವರೆಗೆ ಕಿಟಕಿಯ ಕಡೆಗೇ ತಿರುಗಿ ಕೂತಳು. ಅವಳ ಮನೆ ಮುಟ್ಟಿದೆವು. ಕಲ್ಲನ್ನು ತೊಳೆದಳು, ಒರೆಸಿದಳು, ಮುಷ್ಟಿ ಮುಷ್ಟಿ ಅಕ್ಕಿ ಹಾಕಿ ಬೀಸಿದಳು. ಎಸರಿಟ್ಟಳು. ನಾನು ಬಾಗಿಲ ಹತ್ತಿರವೇ ಕೂತಿದ್ದೆ, ಹೋಗು ಎಂದರೆ ಎದ್ದು ಹೋಗುವವಳಂತೆ.

ಹಿಟ್ಟು ನಾದುತ್ತಲೇ, ನನ್ನ ಕಡೆ ನೋಡದೆ ಅಂದಳು: “ಅವ್ವಾ, ಪಲ್ಯ ನೀ ಮಾಡು.”

ಮಾಡಿದೆ. ಉಪ್ಪು ಸ್ವಲ್ಪ ಹೆಚ್ಚಾಯಿತು. ಪೂರಿ ಉಬ್ಬಿದವು. ಅವಳು ನನ್ನ ಎದುರಿಗೆ ಕೂತು, ಕೇಳದೆ, ಮೂಸದೆ, ಎರಡು ಸಲ ಹಾಕಿಸಿಕೊಂಡು ಉಂಡಳು.

ಆ ದಿನ ಅಲ್ಲೇ ಉಳಿದೆ. ಬೆಳಿಗ್ಗೆ ಅವಳು ಏಳುವುದನ್ನೇ ಕಾಯುತ್ತಿದ್ದೆ. ಮುಖ ತೊಳೆಯಲು ಹಿತ್ತಲಿಗೆ ಬಂದವಳನ್ನು ಕೇಳಿದೆ.

“ಹೊಟ್ಟಿ ಏನಂತು?”

ಸರೂ ಚೊಂಬು ಹಿಡಿದವಳು ಹಾಗೇ ನಿಂತಳು. ಇನ್ನೊಂದು ಕೈಯಿಂದ ಹೊಟ್ಟೆ ಮುಟ್ಟಿ ನೋಡಿಕೊಂಡಳು. “ಚೊಲೊ ಐತಿ ಅಂತು,” ಎಂದಳು. ಆಮೇಲೆ, “ದೊಡ್ಡವ್ವ ಕೇಳಿದಂಗಾತು ನೋಡವ್ವಾ,” ಎಂದು ಕಣ್ಣು ತುಂಬಿಕೊಂಡಳು.

ನನಗೆ ಆಗಲೂ ಸ್ವಲ್ಪ ಉರಿಯಿತು. ಸುಳ್ಳು ಯಾಕೆ ಹೇಳಲಿ.